ಬ್ಯಾಟರಿ ಹೋಗಿದೆ ಅನ್ನುವ ಮೊದಲು: ಚಾರ್ಜ್ ಎಲ್ಲಿ ನಿಲ್ಲುತ್ತಿದೆ ಎಂದು ಹುಡುಕುವ ಬಗೆ

ಕಲಬುರಗಿಯ ರಿಪೇರಿ ಅಂಗಡಿಗಳಲ್ಲಿ ದಿನಾ ಕೇಳಿಬರುವ ಮಾತು ಇದು: "ಅಣ್ಣಾ, ಬ್ಯಾಟ್ರಿ ಹೋಗ್ಯಾದ, ಹೊಸಾದು ಹಾಕಿ ಕೊಡ್ರಿ." ಏನಾಗಿದೆ ಅಂತ ಬಿಡಿಸಿ ಕೇಳಿದರೆ ಒಬ್ಬರದ್ದು ಚಾರ್ಜೇ ಏರುವುದಿಲ್ಲ. ಇನ್ನೊಬ್ಬರದ್ದು ಏರುತ್ತದೆ, ನಿಲ್ಲುವುದಿಲ್ಲ. ಮತ್ತೊಬ್ಬರದ್ದು ಮಧ್ಯಾಹ್ನ ಮಾತ್ರ ಏರುವುದಿಲ್ಲ. ಮೂರೂ ಬೇರೆ ಬೇರೆ ದೋಷಗಳು. ಮೂರಕ್ಕೂ ಬ್ಯಾಟರಿಯನ್ನೇ ಬದಲಿಸಿದರೆ ಎರಡು ಕಡೆ ದುಡ್ಡು ದಂಡ.

ಗೋಡೆಯ ಸಾಕೆಟ್‌ನಿಂದ ಸೆಲ್ ತಲುಪುವಷ್ಟರಲ್ಲಿ ಕರೆಂಟ್ ಹಲವು ಕಡೆ ಹಾದು ಬರುತ್ತದೆ. ಸಾಕೆಟ್, ಅಡಾಪ್ಟರ್, ಕೇಬಲ್, ಚಾರ್ಜಿಂಗ್ ಜಾಕ್, ಒಳಗಿನ ಚಾರ್ಜಿಂಗ್ ಐಸಿ (ಚಾರ್ಜ್ ನಿಯಂತ್ರಿಸುವ ಚಿಪ್), ಬ್ಯಾಟರಿಗೆ ಅಂಟಿಕೊಂಡಿರುವ ರಕ್ಷಣೆಯ ಸಣ್ಣ ಬೋರ್ಡ್, ಕೊನೆಗೆ ಸೆಲ್, ಅಂದರೆ ಶಕ್ತಿ ಕೂಡಿಡುವ ಅಸಲಿ ಭಾಗ. ಬ್ಯಾಟರಿ ಈ ಸಾಲಿನ ತುದಿಯಲ್ಲಿದೆ, ಜೊತೆಗೆ ಬಿಚ್ಚಿ ತೆಗೆಯಲು ಕಷ್ಟದ್ದು. ಆದ್ದರಿಂದ ಹೊರಗಿನಿಂದ ಒಳಗೆ ಹೋಗಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಕೇಬಲ್, ಅಡಾಪ್ಟರ್ ಎರಡನ್ನೂ ಒಟ್ಟಿಗೆ ಬದಲಿಸಿ "ಈಗ ಸರಿಹೋಯ್ತು" ಅಂದರೆ ಕೆಟ್ಟಿದ್ದು ಯಾವುದು ಅಂತ ಗೊತ್ತಾಗುವುದೇ ಇಲ್ಲ ಅಲ್ವಾ?

ಆದರೆ ಎಲ್ಲಕ್ಕಿಂತ ಮೊದಲು ಒಂದು ತಪಾಸಣೆ ಇದೆ.

ಉಬ್ಬಿದ್ದರೆ ಮುಂದೆ ಓದಬೇಡಿ

ಫೋನನ್ನು ಸಮತಟ್ಟಾದ ಫರಸಿ ಕಲ್ಲಿನ ಮೇಲೆ ಅಂಗಾತ ಇಟ್ಟು ಬೆರಳಿನಿಂದ ತಿರುಗಿಸಿ. ಬುಗುರಿಯ ಹಾಗೆ ತಿರುಗಿದರೆ ಹಿಂಬದಿ ಉಬ್ಬಿರಬಹುದು. ಕ್ಯಾಮೆರಾ ಹೊರಗೆ ಎದ್ದಿರುವ ಫೋನ್‌ನಲ್ಲಿ ಹೀಗೆ ತಿಳಿಯುವುದಿಲ್ಲ. ಅಲ್ಲಿ ಪರದೆಯ ಅಂಚನ್ನು ನೋಡಿ. ಒಂದು ಕಡೆ ಬೆಳಕಿನ ಗೆರೆ ಕಂಡರೆ, ಒತ್ತಿದಾಗ ಮೆತ್ತಗೆ ಅನ್ನಿಸಿದರೆ ಅದು ಉಬ್ಬಿದ ಬ್ಯಾಟರಿ. ಒಳಗಿನ ದ್ರವ ಒಡೆದು ಅನಿಲವಾಗಿ ಚೀಲ ಊದಿಕೊಂಡಿರುತ್ತದೆ. ನೇಲ್ ಪಾಲಿಷ್ ತರಹದ ಸಿಹಿ ವಾಸನೆ ಬಂದರೆ ಚೀಲ ಸೋರುತ್ತಿದೆ ಎಂದೇ ತಿಳಿಯಿರಿ.

ಇದನ್ನು ಚಾರ್ಜಿಗೆ ಹಚ್ಚಬಾರದು. ಒತ್ತಿ ಕೂರಿಸಬಾರದು. ಪಿನ್ ಚುಚ್ಚಿ ಗಾಳಿ ತೆಗೆಯುವ ಮಹಾನುಭಾವರು ಇದ್ದಾರೆ, ಅವರಿಂದ ದೂರ ಇರಿ. ಫೋನ್ ಆಫ್ ಮಾಡಿ, ಒಣ ಉಸುಕು ಹಾಕಿದ ತಗಡಿನ ಡಬ್ಬಿಯಲ್ಲಿ ಇಟ್ಟು, ಮನೆಯಿಂದ ಹೊರಗೆ ನೆರಳಿನಲ್ಲಿ ಇಡಿ. ಮುಚ್ಚಳ ಬಿಗಿ ಮಾಡಬೇಡಿ. ಆಮೇಲೆ ಅಂಗಡಿಗೆ ಒಯ್ಯಿರಿ. ಇಲ್ಲಿ ಮಾತ್ರ ಹುಡುಕಾಟ ಬೇಡ, ಬ್ಯಾಟರಿ ಬದಲಿಸುವುದೇ ದಾರಿ.

ಗೊತ್ತಿರಬೇಕಾದ ಅಂಕಿಗಳು

ಮೂರ್ನಾಲ್ಕು ನೂರು ರೂಪಾಯಿಯ ಮಲ್ಟಿಮೀಟರ್ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಸಾಮಾನ್ಯ ಲಿಥಿಯಂ ಅಯಾನ್ ಸೆಲ್ ಮೇಲೆ 3.6 ಅಥವಾ 3.7 ವೋಲ್ಟ್ ಎಂದು ಬರೆದಿರುತ್ತದೆ. ಅದು ಸರಾಸರಿ. ಪೂರ್ತಿ ತುಂಬಿದಾಗ 4.2, ಖಾಲಿಯಾದಾಗ ಸುಮಾರು 3 ವೋಲ್ಟ್. ಈಚಿನ ಫೋನ್ ಬ್ಯಾಟರಿಗಳ ಮೇಲೆ 3.85 ಅಥವಾ ಅದಕ್ಕೂ ಸ್ವಲ್ಪ ಜಾಸ್ತಿ ಇರುತ್ತದೆ. ಅವು 4.4 ವೋಲ್ಟ್ ಆಸುಪಾಸಿನವರೆಗೆ ತುಂಬುತ್ತವೆ. ಸೋಲಾರ್ ದೀಪ, ಕೆಲವು ಬೈಕುಗಳಲ್ಲಿರುವ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಬೇರೆ ಜಾತಿ. ಅದರ ಸರಾಸರಿ 3.2, ಗರಿಷ್ಠ 3.65. ಈ ಜಾತಿಗಳನ್ನು ಬೆರೆಸಬಾರದು.

ಚಾರ್ಜ್ ಆಗುವ ರೀತಿ ಎರಡು ಹಂತದ್ದು. ಮೊದಲು ಚಾರ್ಜಿಂಗ್ ಐಸಿ ಒಂದೇ ಸಮನೆ ಆಂಪ್ (ಹರಿಯುವ ಕರೆಂಟಿನ ಅಳತೆ) ಕೊಡುತ್ತದೆ, ವೋಲ್ಟ್ ಏರುತ್ತ ಹೋಗುತ್ತದೆ. 4.2 ಮುಟ್ಟಿದ ಮೇಲೆ ವೋಲ್ಟ್ ಅಲ್ಲೇ ನಿಲ್ಲುತ್ತದೆ, ಆಂಪ್ ಇಳಿಯುತ್ತ ಬರುತ್ತದೆ. ತೀರಾ ಕಡಿಮೆಯಾದಾಗ ಚಾರ್ಜಿಂಗ್ ನಿಲ್ಲುತ್ತದೆ. "80ರ ತನಕ ಬೇಗ ಏರ್ತದ, ಆಮ್ಯಾಲೆ ಏರವಲ್ದು" ಎಂಬ ದೂರು ಬರುತ್ತದಲ್ಲ, ಅದು ದೋಷವೇ ಅಲ್ಲ. ಬ್ಯಾಟರಿ ಹಾಗೇ ತುಂಬಬೇಕು. ಇನ್ನು ಕೆಲವು ಫೋನ್, ಲ್ಯಾಪ್‌ಟಾಪ್‌ಗಳು 80ಕ್ಕೆ ಪೂರ್ತಿ ನಿಂತುಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಪ್ರೊಟೆಕ್ಷನ್ ಆನ್ ಆಗಿದೆಯಾ ನೋಡಿ. ಆನ್ ಇದ್ದರೆ ಹಾಗೇ ಬಿಡಿ, ಒಳ್ಳೆಯದೇ.

ಚಾರ್ಜೇ ಆಗುವುದಿಲ್ಲ

ಸಾಕೆಟ್‌ನಿಂದ ಶುರು ಮಾಡಿ. ಎಕ್ಸ್‌ಟೆನ್ಷನ್ ಬಾಕ್ಸ್ ಬಿಟ್ಟು ನೇರ ಗೋಡೆಯ ಪ್ಲಗ್‌ಗೆ ಹಚ್ಚಿ. ಅದೇ ಚಾರ್ಜರ್, ಅದೇ ಕೇಬಲ್‌ನಿಂದ ಬೇರೆ ಫೋನ್ ಚಾರ್ಜ್ ಆದರೆ ಹೊರಗಿನ ಸಾಮಾನು ಸರಿ ಇದೆ, ದೋಷ ನಿಮ್ಮ ಫೋನ್ ಕಡೆ. ಆ ಫೋನೂ ಚಾರ್ಜ್ ಆಗದಿದ್ದರೆ ಮೊದಲು ಕೇಬಲ್ ಬದಲಿಸಿ. ಅಡಾಪ್ಟರ್‌ಗಿಂತ ಕೇಬಲ್ ಹತ್ತು ಪಟ್ಟು ಬೇಗ ಕೆಡುತ್ತದೆ. ಇದು ಯಾವ ಪುಸ್ತಕದ ಲೆಕ್ಕವೂ ಅಲ್ಲ, ರಿಪೇರಿ ಮಾಡುವ ಯಾರನ್ನು ಕೇಳಿದರೂ ಹೀಗೇ ಹೇಳುತ್ತಾರೆ.

ಹೊರಗಿನದು ಸರಿ ಇದ್ದರೆ ಮುಂದಿನದು ಜಾಕ್. ನಮ್ಮ ಕಡೆ ಇದೇ ದೊಡ್ಡ ಕಳ್ಳ. ಸೇಡಂ, ವಾಡಿ ಕಡೆಯವರ ಫೋನಿನಲ್ಲಿ ಸಿಮೆಂಟ್ ಧೂಳು. ಶಹಾಬಾದಿನವರದ್ದರಲ್ಲಿ ಕಲ್ಲು ಪಾಲಿಷ್ ಮಾಡಿದ ಪುಡಿ. ದಾಲ್ ಮಿಲ್‌ನಲ್ಲಿ ಕೆಲಸ ಮಾಡುವವರದ್ದರಲ್ಲಿ ತೊಗರಿ ಹೊಟ್ಟು. ಯಾದಗಿರಿಯಿಂದ ಬಂದದ್ದಾದರೆ ಹತ್ತಿಯ ಎಳೆ. ಇದಕ್ಕೆ ಬೆವರು ಸೇರಿ ಜಾಕ್‌ನ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಪಿನ್ ಪೂರ್ತಿ ಒಳಗೆ ಇಳಿಯುವುದಿಲ್ಲ. "ಹಿಂಗ ಬಗ್ಗಿಸಿ ಹಿಡಿದ್ರ ಆಗ್ತದ್ರಿ" ಎಂದು ಗಿರಾಕಿ ಕೇಬಲ್ ಸೊಟ್ಟ ಮಾಡಿ ತೋರಿಸಿದರೆ ತೊಂಬತ್ತು ಪಾಲು ಇದೇ ಕಾರಣ. ಉಳಿದದ್ದು ಸಡಿಲವಾದ ಜಾಕ್.

ಫೋನ್ ಆಫ್ ಮಾಡಿ. ಟಾರ್ಚ್ ಹಿಡಿದು ಜಾಕ್ ಒಳಗೆ ನೋಡಿ. ಮರದ ಹಲ್ಲುಕಡ್ಡಿಯಿಂದ ನಿಧಾನವಾಗಿ ಕೆರೆದು ಕಸ ಹೊರಗೆ ತೆಗೆಯಿರಿ. ಸೇಫ್ಟಿ ಪಿನ್ ಬೇಡ. ಟೈಪ್ ಸಿ ಜಾಕ್‌ನ ನಡುವಿನ ನಾಲಿಗೆ ತೆಳ್ಳಗಿರುತ್ತದೆ, ಒಮ್ಮೆ ಬಗ್ಗಿದರೆ ಚಾರ್ಜಿಂಗ್ ಬೋರ್ಡೇ ಬದಲಿಸಬೇಕು. ಬಾಯಿಂದ ಊದಬೇಡಿ, ಉಗುಳಿನ ತೇವ ಒಳಗೆ ಹೋಗುತ್ತದೆ. ಸ್ವಚ್ಛವಾದ ಮೇಲೆ ಪಿನ್ "ಟಕ್" ಅಂತ ಕೂರಬೇಕು, ಅಲುಗಾಡಬಾರದು. ಹಾಗೆ ಕೂತು, ಆದರೂ ಕೇಬಲ್ ಅಲ್ಲಾಡಿಸಿದಾಗ ಚಾರ್ಜ್ ಬಂದು ಹೋಗುತ್ತಿದ್ದರೆ ಜಾಕ್‌ನ ಬೆಸುಗೆ ಬಿಟ್ಟಿದೆ. ಅದು ಅಂಗಡಿ ಕೆಲಸ. ಬ್ಯಾಟರಿಗಿಂತ ಸಾಮಾನ್ಯವಾಗಿ ಅಗ್ಗದ ಕೆಲಸ.

ತೇವ ಇದೆ ಎಂಬ ಎಚ್ಚರಿಕೆ ಪರದೆ ಮೇಲೆ ಬಂದರೆ ಜಾಕ್ ಕೆಳಮುಖ ಮಾಡಿ ಮೆಲ್ಲಗೆ ತಟ್ಟಿ, ಗಾಳಿ ಆಡುವ ಕಡೆ ಒಣಗಲು ಬಿಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಅಕ್ಕಿಯ ಪುಡಿ ಇನ್ನೊಂದು ತಲೆನೋವು.

ಪೂರ್ತಿ ಸತ್ತ ಫೋನ್‌ಗೆ ಯುಎಸ್‌ಬಿ ಮೀಟರ್ ಬಲು ಉಪಯೋಗ. ಚಾರ್ಜರ್, ಕೇಬಲ್ ನಡುವೆ ಸಿಕ್ಕಿಸುವ ಸಣ್ಣ ಡಬ್ಬಿ ಅದು. ವೋಲ್ಟ್, ಆಂಪ್ ಎರಡನ್ನೂ ತೋರಿಸುತ್ತದೆ. ಆಂಪ್ ಪೂರ್ತಿ ಸೊನ್ನೆ ಇದ್ದರೆ ದಾರಿ ಎಲ್ಲೋ ಕಡಿದಿದೆ: ಜಾಕ್, ಅದನ್ನು ಬೋರ್ಡ್‌ಗೆ ಜೋಡಿಸುವ ಪಟ್ಟಿ (ಸ್ಟ್ರಿಪ್) ಅಥವಾ ಐಸಿ. 0.1ರ ಆಸುಪಾಸು ಇದ್ದರೆ ಸೆಲ್ ತೀರಾ ಕೆಳಗೆ ಇಳಿದಿದೆ, ಐಸಿ ಮೊದಲು ಮೆಲ್ಲಗೆ ತುಂಬಿಸುತ್ತಿದೆ. ಅರ್ಧ ತಾಸು ಮುಟ್ಟದೆ ಬಿಡಿ, ಎದ್ದು ಬರಬಹುದು. ಒಂದು ಆಂಪ್ ದಾಟಿ ಎಳೆಯುತ್ತಿದೆ, ಪರದೆ ಮಾತ್ರ ಕಪ್ಪು ಅಂದರೆ ಬ್ಯಾಟರಿ ಕಡೆ ನೋಡುವುದು ದಂಡ. ಡಿಸ್‌ಪ್ಲೇ ಅಥವಾ ಬೋರ್ಡ್ ನೋಡಿ. ಅಂಕಿ ಒಂದೇ ಸಮ ಕುಣಿಯುತ್ತಿದ್ದರೆ ಎಲ್ಲೋ ಲೂಸ್ ಕನೆಕ್ಷನ್.

ಹೊಸ ಕಾಲದ ಒಂದು ಮೋಜಿನ ದೋಷ ಇದೆ. ಅಗ್ಗದ ಟ್ರಿಮ್ಮರ್, ಟಾರ್ಚ್, ಕೈ ಫ್ಯಾನ್ ಟೈಪ್ ಸಿ ಜಾಕ್‌ನೊಂದಿಗೇ ಬರುತ್ತವೆ. ಎರಡೂ ತುದಿ ಸಿ ಇರುವ ಕೇಬಲ್ ಹಾಕಿದರೆ ಚಾರ್ಜ್ ಆಗುವುದೇ ಇಲ್ಲ. ಹಳೆ ಅಗಲ ಪಿನ್ನಿನ ಚಾರ್ಜರ್‌ಗೆ ಹಚ್ಚಿದರೆ ಆರಾಮಾಗಿ ಆಗುತ್ತದೆ. ಸಿ ಚಾರ್ಜರ್ ಸುಮ್ನೆ ಕರೆಂಟ್ ಬಿಡುವುದಿಲ್ಲ. ಆ ತುದಿಯಲ್ಲಿ 5.1 ಕಿಲೋಓಮ್ ರೆಸಿಸ್ಟರ್ ಕಂಡರೆ ಮಾತ್ರ 5 ವೋಲ್ಟ್ ಬಿಡುತ್ತದೆ. ತಯಾರಿಸಿದವರು ಕೆಲವು ಪೈಸೆ ಉಳಿಸಲು ಆ ರೆಸಿಸ್ಟರ್ ಹಾಕಿರುವುದಿಲ್ಲ. ಸೆಲ್ ಹಾಳಾಗಿಲ್ಲ, ಚಾರ್ಜರ್ ಹಾಳಾಗಿಲ್ಲ. ಒಂದು ಕಡೆ ಅಗಲ ಪಿನ್, ಇನ್ನೊಂದು ಕಡೆ ಸಿ ಇರುವ ಕೇಬಲ್ ಬಳಸಿ, ಮುಗಿಯಿತು.

ಆಗುತ್ತದೆ, ಆದರೆ ರಾತ್ರಿಯೆಲ್ಲ ಬೇಕು

ಅಡಾಪ್ಟರ್ ಮೇಲಿನ ಸಣ್ಣಕ್ಷರ ಓದಿ. 5 ವೋಲ್ಟ್ 2 ಆಂಪ್ ಅಂದರೆ 10 ವ್ಯಾಟ್. 5000 ಎಂಎಎಚ್ ಬ್ಯಾಟರಿಗೆ ಅದು ಎರಡೂವರೆಯಿಂದ ಮೂರು ತಾಸಿನ ಕೆಲಸ. ಕಂಪ್ಯೂಟರಿನ ಹಳೆ ಯುಎಸ್‌ಬಿ ಕಿಂಡಿ ಕೊಡುವುದು ಅರ್ಧ ಆಂಪ್, ಅಂದರೆ 2.5 ವ್ಯಾಟ್. ಅದಕ್ಕೆ ಹಚ್ಚಿ ಹಾಟ್‌ಸ್ಪಾಟ್ ಆನ್ ಇಟ್ಟರೆ ಬಂದದ್ದೆಲ್ಲ ಅಲ್ಲೇ ಖರ್ಚಾಗುತ್ತದೆ.

ಒಂದು ಕಂಪನಿಯ 80 ವ್ಯಾಟ್ ಚಾರ್ಜರ್ ಇನ್ನೊಂದು ಕಂಪನಿಯ ಫೋನ್‌ಗೆ 80 ವ್ಯಾಟ್ ಕೊಡಬೇಕು ಅಂತ ಇಲ್ಲ. ಫಾಸ್ಟ್ ಚಾರ್ಜಿಂಗ್ ಅಂದರೆ ಚಾರ್ಜರ್ ಮತ್ತು ಫೋನ್ ಪರಸ್ಪರ ಮಾತಾಡಿ ಒಪ್ಪಿಕೊಳ್ಳುವ ವ್ಯವಹಾರ. ಭಾಷೆ ಹೊಂದದಿದ್ದರೆ ಎರಡೂ ಹಳೆ 5 ವೋಲ್ಟ್‌ಗೆ ಇಳಿಯುತ್ತವೆ. ಫೋನ್ ಸುಡುವುದಿಲ್ಲ, ನಿಧಾನ ಆಗುತ್ತದೆ ಅಷ್ಟೆ.

ಮತ್ತೆ ಕೇಬಲ್. ತೆಳ್ಳನೆ ತಂತಿಯ ಉದ್ದ ಕೇಬಲ್‌ನಲ್ಲಿ ಕಾಲು ಓಮ್ ತಡೆ ಇದ್ದರೂ 2 ಆಂಪ್ ಹರಿಯುವಾಗ ಅರ್ಧ ವೋಲ್ಟ್ ದಾರಿಯಲ್ಲೇ ನಷ್ಟ. ಫೋನ್‌ಗೆ ಸಿಗುವುದು 4.5. ಅದು ಹೆದರಿ ಆಂಪ್ ಕಡಿಮೆ ಮಾಡಿಕೊಳ್ಳುತ್ತದೆ. ಮೀಟರನ್ನು ಕೇಬಲ್‌ನ ಎರಡೂ ತುದಿಯಲ್ಲಿ ಇಟ್ಟು ನೋಡಿದರೆ ಈ ಕಳ್ಳತನ ಕಣ್ಣಿಗೇ ಕಾಣುತ್ತದೆ.

ಮಧ್ಯಾಹ್ನ ಏರುವುದಿಲ್ಲ, ರಾತ್ರಿ ಏರುತ್ತದೆ

ಬೆಂಗಳೂರಿನವರು ಬರೆದ ಕೈಪಿಡಿಗಳಲ್ಲಿ ಈ ಅಧ್ಯಾಯ ಎರಡು ಸಾಲಿನಲ್ಲಿ ಮುಗಿಯುತ್ತದೆ. ನಮಗೆ ಸಾಲದು.

ಲಿಥಿಯಂ ಅಯಾನ್ ಸೆಲ್ ಚಾರ್ಜ್ ಆಗಲು ಸಾಮಾನ್ಯವಾಗಿ ಒಪ್ಪಿದ ಮಿತಿ 0ಯಿಂದ 45 ಡಿಗ್ರಿ. ಇದು ಸೆಲ್‌ನ ಬಿಸಿ, ಗಾಳಿಯದ್ದಲ್ಲ. ಆ್ಯಪಲ್ ಕಂಪನಿ ಐಫೋನ್ ಬಳಸಲು ಹೇಳುವ ಗಾಳಿಯ ಉಷ್ಣತೆ 0ಯಿಂದ 35 ಡಿಗ್ರಿ. ಕಲಬುರಗಿಯಲ್ಲಿ ಮಾರ್ಚ್ ಮಧ್ಯದಿಂದ ಮಳೆ ಹಿಡಿಯುವ ತನಕ ಹಗಲು ಹೆಚ್ಚುಕಡಿಮೆ ದಿನಾ 35 ದಾಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40ರ ಮೇಲೆ. ಗಾಳಿಯೇ 41 ಇರುವಾಗ ಚಾರ್ಜಿಂಗ್ ತನ್ನದೇ ಬಿಸಿ ಸೇರಿಸುತ್ತದೆ. ದಪ್ಪ ಕವರ್ ಅದನ್ನು ಹೊರಗೆ ಬಿಡುವುದಿಲ್ಲ. ಸೆಲ್ 45 ಮುಟ್ಟಲು ಎಷ್ಟು ಹೊತ್ತು ಬೇಕು? ಸೆಲ್‌ಗೆ ಅಂಟಿಸಿರುವ, ಬಿಸಿ ಅಳೆಯುವ ಥರ್ಮಿಸ್ಟರ್ ಇದನ್ನು ನೋಡಿ ಚಾರ್ಜಿಂಗ್ ಐಸಿಗೆ ತಿಳಿಸುತ್ತದೆ. ಐಸಿ ಆಂಪ್ ಕಡಿಮೆ ಮಾಡುತ್ತದೆ, ಇಲ್ಲವೇ ಪೂರ್ತಿ ನಿಲ್ಲಿಸುತ್ತದೆ. ಫೋನ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ನಾವು ಬ್ಯಾಟರಿ ಕೆಟ್ಟಿದೆ ಅನ್ನುತ್ತೇವೆ.

ಪರೀಕ್ಷೆ ಸುಲಭ. ಕವರ್ ತೆಗೆಯಿರಿ. ಮೊಬೈಲ್ ಡೇಟಾ ಆಫ್ ಮಾಡಿ. ನೆರಳಿನ ಕೋಣೆಯಲ್ಲಿ ಫರಸಿ ನೆಲದ ಮೇಲೆ, ಫ್ಯಾನ್ ಕೆಳಗೆ ಇಟ್ಟು ಚಾರ್ಜಿಗೆ ಹಚ್ಚಿ. ಅರ್ಧ ತಾಸಿನಲ್ಲಿ ಎಷ್ಟು ಏರಿತು ಬರೆದಿಡಿ. ಅದೇ ಚಾರ್ಜರ್‌ನಲ್ಲಿ ರಾತ್ರಿ ಹತ್ತರ ಮೇಲೆ, ಸುಮಾರು ಅಷ್ಟೇ ಪರ್ಸೆಂಟ್‌ನಿಂದ ಶುರು ಮಾಡಿ ಮತ್ತೊಮ್ಮೆ ನೋಡಿ. ರಾತ್ರಿ ಎರಡು ಪಟ್ಟು ಏರಿದರೆ ದೋಷ ಬಿಸಿಲಿನದ್ದು. ಯಾವ ಸಾಮಾನೂ ಬದಲಿಸುವುದು ಬೇಡ.

ಬಿಸಿಯಾದ ಫೋನನ್ನು ಫ್ರಿಜ್‌ನಲ್ಲಿ ಇಡುವವರಿದ್ದಾರೆ. ಒಳಗೆ ನೀರಿನ ಹನಿ ಕಟ್ಟುತ್ತದೆ, ಬೋರ್ಡ್ ಹೋಗುತ್ತದೆ. ಕೂಲರ್ ಜಾಲರಿಯ ಮೇಲೆ ಇಡುವುದೂ ಬೇಡ, ಹನಿ ಹಾರುತ್ತದೆ.

ಬಿಸಿಲಿನ ಪೆಟ್ಟು ಅಂದಿಗೇ ಮುಗಿಯುವುದಿಲ್ಲ. ಬಿಸಿಯಲ್ಲಿ ಸೆಲ್ ಒಳಗಿನ ಅನಗತ್ಯ ರಾಸಾಯನಿಕ ಕ್ರಿಯೆಗಳು ಜೋರಾಗುತ್ತವೆ. ಸೆಲ್‌ನ ಋಣ ಬದಿಯಲ್ಲಿರುವ ಗ್ರಾಫೈಟ್ ಮೇಲಿನ ಪೊರೆ ದಪ್ಪವಾಗುತ್ತದೆ, ಓಡಾಡಬೇಕಾದ ಲಿಥಿಯಂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಪೂರ್ತಿ ತುಂಬಿದ ಸೆಲ್‌ಗೆ ಇದು ಇನ್ನೂ ಕೆಟ್ಟದ್ದು. 40 ಡಿಗ್ರಿಯಲ್ಲಿ 100 ಪರ್ಸೆಂಟ್ ತುಂಬಿಸಿ ಒಂದು ವರ್ಷ ಸುಮ್ನೆ ಇಟ್ಟರೂ ಸಾಮರ್ಥ್ಯದ ಮೂರನೇ ಒಂದು ಭಾಗ ಹೋಗುವುದು ಉಂಟು. ಅರ್ಧದ ಆಸುಪಾಸಿನಲ್ಲಿ ಇಟ್ಟರೆ ನಷ್ಟ ಅದರ ಅರ್ಧವೂ ಇರುವುದಿಲ್ಲ.

ಹಾಗಾಗಿ ನನಗೆ ಅನುಮಾನ ಬರುವುದು ಹಗಲೆಲ್ಲ ಚಾರ್ಜರ್‌ನಲ್ಲೇ ಕೂತಿರುವ ಸಾಮಾನುಗಳ ಮೇಲೆ. ಪತ್ರಾಸ್ ಶೆಡ್‌ನ ಚಹಾ ಅಂಗಡಿಯಲ್ಲಿ ಒಲೆಯ ಪಕ್ಕ ಇರುವ ಯುಪಿಐ ಸೌಂಡ್ ಬಾಕ್ಸ್. ಗೋಡೆಗೆ ಹೊಡೆದ ವೈಫೈ ರೂಟರ್‌ನ ಮಿನಿ ಯುಪಿಎಸ್. ಯಾವಾಗಲೂ ಪ್ಲಗ್‌ನಲ್ಲಿರುವ ಹಳೆ ಲ್ಯಾಪ್‌ಟಾಪ್. ಇವು "ಕರೆಂಟ್ ಹೋದ್ರ ಬಂದ್ ಆಗ್ತಾವ್ರಿ" ಎಂದು ಬಂದಾಗ ಬ್ಯಾಟರಿ ನಿಜವಾಗಿಯೂ ಹೋಗಿರುತ್ತದೆ. ಹೊಸದು ಹಾಕಿ. ಆದರೆ ಜಾಗ ಬದಲಿಸದಿದ್ದರೆ ಮುಂದಿನ ಬೇಸಿಗೆಗೆ ಅದೂ ಬಂದೇ ಬರುತ್ತದೆ.

30 ತೋರಿಸುತ್ತಲೇ ಆಫ್ ಆಗುವುದು

ಇಲ್ಲಿ ಬ್ಯಾಟರಿ ಮೇಲೆ ಅನುಮಾನ ಪಡುವುದು ನ್ಯಾಯ. ಸೆಲ್‌ಗೆ ವಯಸ್ಸಾದಂತೆ ಅದರ ಒಳಗಿನ ತಡೆ ಜಾಸ್ತಿಯಾಗುತ್ತದೆ. ಹೊಸತರಲ್ಲಿ 0.1 ಓಮ್ ಇದ್ದದ್ದು 0.3 ಆಗಿದೆ ಅಂದುಕೊಳ್ಳಿ. ಕ್ಯಾಮೆರಾ ತೆರೆದು ವಿಡಿಯೋ ಕರೆ ಮಾಡಿದಾಗ 2 ಆಂಪ್ ಎಳೆದರೆ 0.6 ವೋಲ್ಟ್ ಒಳಗೇ ಬಿದ್ದುಹೋಗುತ್ತದೆ. 3.7 ಇದ್ದ ಸೆಲ್ ಕ್ಷಣದಲ್ಲಿ 3.1ಕ್ಕೆ ಕುಸಿಯುತ್ತದೆ. ಫೋನ್ ಅಷ್ಟರಲ್ಲೇ ಆಫ್. ಸೆಲ್‌ನಲ್ಲಿ ಶಕ್ತಿ ಇದೆ, ಒಮ್ಮೆಲೇ ಕೊಡುವ ತಾಕತ್ತು ಇಲ್ಲ. 2017ರ ಡಿಸೆಂಬರ್‌ನಲ್ಲಿ ಆ್ಯಪಲ್ ಕಂಪನಿ ಹಳೆ ಐಫೋನ್‌ಗಳ ವೇಗವನ್ನು ಸಾಫ್ಟ್‌ವೇರ್ ಮೂಲಕ ತಗ್ಗಿಸಿದ್ದನ್ನು ಒಪ್ಪಿಕೊಂಡಿತಲ್ಲ, ಆಗ ಅದು ಕೊಟ್ಟ ಕಾರಣವೂ ಇದೇ.

ಪರೀಕ್ಷೆ ಹೀಗೆ. 40 ಪರ್ಸೆಂಟ್ ಇರುವಾಗ ಬೆಳಕು ಪೂರ್ತಿ ಏರಿಸಿ ಎರಡು ನಿಮಿಷ ವಿಡಿಯೋ ತೆಗೆಯಿರಿ. ಅಂಕಿ ದಡಬಡ ಇಳಿದರೆ ಅಥವಾ ಆಫ್ ಆದರೆ, ಕೂಡಲೇ ಚಾರ್ಜರ್ ಹಚ್ಚಿ ಆನ್ ಮಾಡಿ. ಮತ್ತೆ 30ರ ಸುಮಾರಿಗೆ ತೋರಿಸಿದರೆ ಸೆಲ್ ಮುದಿಯಾಗಿದೆ. 1 ಅಥವಾ 2 ತೋರಿಸಿದರೆ ಲೆಕ್ಕದ ತಪ್ಪು ಇರಬಹುದು. ಪರ್ಸೆಂಟ್ ಅನ್ನುವುದು ಅಳತೆಯಲ್ಲ, ಫೋನಿನ ಅಂದಾಜು. ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಕೂಡಿ ಕಳೆದು ಅದು ಹೇಳುತ್ತದೆ. ಒಂದು ಸಲ ತಾನಾಗಿ ಆಫ್ ಆಗುವ ತನಕ ಬಳಸಿ, ಆಮೇಲೆ ನಡುವೆ ಬಿಡಿಸದೆ 100 ತುಂಬಿಸಿ. ಲೆಕ್ಕ ಸರಿಹೋಗಬಹುದು.

ಹಾಗಂತ ಇದನ್ನು ವಾರವಾರ ಮಾಡಬೇಡಿ. "ಪೂರ್ತಿ ಖಾಲಿ ಮಾಡಿಯೇ ತುಂಬಬೇಕು", "ಹೊಸ ಫೋನ್ ಎಂಟು ತಾಸು ಹಚ್ಚಬೇಕು" ಎಂಬುದು ನಿಕಲ್ ಕ್ಯಾಡ್ಮಿಯಂ ಕಾಲದ ಮಾತು. 1991ರಲ್ಲಿ ಸೋನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಇದನ್ನು ಬೆಳೆಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಅವರಿಗೆ 2019ರಲ್ಲಿ ನೊಬೆಲ್ಲೂ ಬಂತು. ನಮ್ಮಲ್ಲಿ ಮಾತ್ರ ಆ ಹಳೆ ನಿಯಮ ಇನ್ನೂ ಓಡಾಡುತ್ತಲೇ ಇದೆ. 20ಕ್ಕೆ ಹಚ್ಚಿ 80ಕ್ಕೆ ಬಿಡಿಸಿದರೆ ಈ ಸೆಲ್ ಜಾಸ್ತಿ ದಿನ ಬಾಳುತ್ತದೆ.

ಆಫ್ ಆಗುವುದಿಲ್ಲ, ಬರೀ ಬೇಗ ಇಳಿಯುತ್ತದೆ ಅಂದರೆ ರಾತ್ರಿ ಏರೋಪ್ಲೇನ್ ಮೋಡ್‌ನಲ್ಲಿ ಇಟ್ಟು ಮಲಗಿ. ಬೆಳಿಗ್ಗೆ ಎರಡು ಮೂರು ಪರ್ಸೆಂಟ್ ಮಾತ್ರ ಇಳಿದಿದ್ದರೆ ಸೆಲ್‌ನಿಂದ ಚಾರ್ಜ್ ಸೋರುತ್ತಿಲ್ಲ. ಯಾವುದೋ ಆ್ಯಪ್ ಅಥವಾ ದುರ್ಬಲ ಸಿಗ್ನಲ್ ತಿನ್ನುತ್ತಿದೆ. ಚಿಂಚೋಳಿಯ ಕಾಡಿನ ಅಂಚಿನ ಊರುಗಳಂಥ ಕಡೆ ಟವರ್ ದೂರ ಇದ್ದರೆ ಫೋನ್ ಜೋರಾಗಿ ಕೂಗಬೇಕಾಗುತ್ತದೆ. ಅದಕ್ಕೆ ಹೊಸ ಬ್ಯಾಟರಿ ಮದ್ದಲ್ಲ.

ಪವರ್ ಬ್ಯಾಂಕ್

"10000 ಅಂತ ಬರದಾರ, 5000ದ ಫೋನ್ ಎರಡು ಸಲ ಆಗಲ್ದು" ಎಂಬುದು ದೋಷವಲ್ಲ, ಲೆಕ್ಕ. 10000 ಎಂಎಎಚ್ ಅಂದರೆ 3.7 ವೋಲ್ಟ್ ಸೆಲ್‌ನಲ್ಲಿ, ಒಟ್ಟು 37 ವ್ಯಾಟ್‌ಅವರ್. ಅದನ್ನು 5 ವೋಲ್ಟ್‌ಗೆ ಏರಿಸುವಾಗ ನಷ್ಟ, ಫೋನ್ ಒಳಗೆ ಮತ್ತೆ ಇಳಿಸುವಾಗ ನಷ್ಟ. ಒಂದೂವರೆ ಸಲಕ್ಕಿಂತ ಸ್ವಲ್ಪ ಕಡಿಮೆ ಸಿಕ್ಕರೆ ಪವರ್ ಬ್ಯಾಂಕ್ ಚೆನ್ನಾಗಿದೆ. ಕಿವಿಯ ಬಡ್ಸ್, ಕೈ ವಾಚ್ ಹಚ್ಚಿದಾಗ ಕೆಲವು ಸೆಕೆಂಡಿನಲ್ಲಿ ಆಫ್ ಆದರೂ ಗಾಬರಿ ಬೇಡ. ತೀರಾ ಸಣ್ಣ ಕರೆಂಟನ್ನು ಅದು "ಯಾರೂ ಇಲ್ಲ" ಎಂದು ತಿಳಿಯುತ್ತದೆ. ಅನೇಕ ಮಾದರಿಗಳಲ್ಲಿ ಬಟನ್ ಎರಡು ಸಲ ಒತ್ತಿದರೆ ಸಣ್ಣ ಸಾಮಾನಿನ ಮೋಡ್ ಬರುತ್ತದೆ.

ಟಾರ್ಚ್, ಎಮರ್ಜೆನ್ಸಿ ಲೈಟ್, ಬಿಡಿ ಸೆಲ್

ರಾತ್ರಿ ಹೊಲಕ್ಕೆ ನೀರು ಬಿಡಲು ಹೋಗುವವರ ಟಾರ್ಚ್‌ಗಳಲ್ಲಿ ಲಿಥಿಯಂ ಇದೆ ಅಂತ ಮೊದಲೇ ತೀರ್ಮಾನಿಸಬೇಡಿ. ಬಿಚ್ಚಿದಾಗ ಭಾರದ ಚೌಕ ಡಬ್ಬಿ, ಮೇಲೆ 4 ವೋಲ್ಟ್ ಅಂತ ಇದ್ದರೆ ಅದು ಸೀಸದ ಬ್ಯಾಟರಿ. ಮೀಟರ್ ಅದಕ್ಕೂ 4.2ರ ಆಸುಪಾಸು ತೋರಿಸಿ ದಾರಿ ತಪ್ಪಿಸುತ್ತದೆ. ಅದರ ಸ್ವಭಾವವೂ ಉಲ್ಟಾ. ಅದನ್ನು ಯಾವಾಗಲೂ ತುಂಬಿಸಿಯೇ ಇಡಬೇಕು. ಅದು ಹೋದಾಗ ಜಾಗಕ್ಕೆ ಲಿಥಿಯಂ ಸೆಲ್ ತುರುಕುವ ಉಪಾಯ ಅಂಗಡಿಗಳಲ್ಲಿ ನಡೆಯುತ್ತದೆ. ಅಗ್ಗದ ಟಾರ್ಚ್‌ನ ಚಾರ್ಜಿಂಗ್ ಸರ್ಕ್ಯೂಟ್‌ಗೆ 4.2ರಲ್ಲಿ ನಿಲ್ಲಿಸುವುದು ಗೊತ್ತಿಲ್ಲ. ತುಂಬಿಸುತ್ತಲೇ ಹೋಗುತ್ತದೆ. ಇದು ಬೆಂಕಿಯ ದಾರಿ. ಇನ್ನೂ ಒಂದು ಮಾತು: ನೇರ ಪ್ಲಗ್‌ಗೆ ಚುಚ್ಚುವ ಇಂಥ ಟಾರ್ಚ್‌ಗಳ ಒಳಗೆ ಟ್ರಾನ್ಸ್‌ಫಾರ್ಮರ್ ಇರದೆ 230 ವೋಲ್ಟ್ ಸೀದಾ ಬೋರ್ಡ್‌ಗೆ ಬಂದಿರುತ್ತದೆ. ಪ್ಲಗ್‌ನಲ್ಲಿ ಇಟ್ಟು ಬಿಚ್ಚಬೇಡಿ.

ಲಿಥಿಯಂ ಇದ್ದರೆ ಬಹುತೇಕ 18650 ಸೆಲ್: 18 ಮಿಲಿಮೀಟರ್ ದಪ್ಪ, 65 ಉದ್ದ. ಮೇಲೆ 9900 ಎಂಎಎಚ್ ಅಂತ ಬರೆದದ್ದು ಕಂಡರೆ ಅಲ್ಲೇ ಬಿಟ್ಟುಬನ್ನಿ. ಈ ಅಳತೆಯ ಒಳ್ಳೆಯ ಸೆಲ್ ಸುಮಾರು 3500ರ ಹತ್ತಿರ ಹೋಗಿ ನಿಲ್ಲುತ್ತದೆ. ತೂಕವೂ ಹೇಳುತ್ತದೆ. ಅಸಲಿ ಸೆಲ್ ಸಾಮಾನ್ಯವಾಗಿ 45 ಗ್ರಾಂ ಆಸುಪಾಸು ತೂಗುತ್ತದೆ.

ಮೀಟರ್ 0 ತೋರಿಸಿದರೆ ಸೆಲ್ ಸತ್ತಿದೆ ಅಂತ ಅಲ್ಲ. ರಕ್ಷಣೆಯ ಬೋರ್ಡ್ ಸೆಲ್ ಸುಮಾರು 2.4 ವೋಲ್ಟ್‌ಗೆ ಇಳಿದಾಗ ಬಾಗಿಲು ಮುಚ್ಚುತ್ತದೆ. ಹೊರಗಿನ ತಂತಿಯಲ್ಲಿ 0, ಬೋರ್ಡ್‌ನ ಒಳಬದಿ ಸೆಲ್‌ನ ತುದಿಗಳಲ್ಲಿ 2.3 ಇರಬಹುದು. ಸರಿಯಾದ ಚಾರ್ಜರ್ ಹಚ್ಚಿದರೆ ಬಾಗಿಲು ತಾನೇ ತೆರೆಯುತ್ತದೆ. ಆದರೆ ಸೆಲ್‌ನಲ್ಲೇ 2ಕ್ಕಿಂತ ಕೆಳಗೆ ಇಳಿದು ಬಹಳ ದಿನ ಬಿದ್ದಿದ್ದರೆ ಒಳಗಿನ ತಾಮ್ರ ಕರಗಿ ಬೇರೆ ಕಡೆ ಕೂತಿರಬಹುದು. ಚಾರ್ಜ್ ಮಾಡಿದಾಗ ಒಳಗೇ ಶಾರ್ಟ್ ಆಗಬಹುದು. ಇಂಥದ್ದಕ್ಕೆ "ಬೂಸ್ಟ್" ಕೊಟ್ಟು ಎಬ್ಬಿಸುತ್ತೇವೆ ಅನ್ನುವವರಿಗೆ ಬೇಡ ಅನ್ನಿ.

ಫೋನನ್ನು ಚಾರ್ಜಿನಲ್ಲಿ ಇಟ್ಟಾಗ ಮಾತ್ರ ಪರದೆ ತಾನೇ ಒತ್ತಿಕೊಳ್ಳುವುದು, ಬೆರಳಿಗೆ ಜುಮ್ ಅನ್ನುವುದು ಇದ್ದರೆ ಚಾರ್ಜರ್ ಬದಲಿಸಿ ನೋಡಿ. ಅದು ಅಡಾಪ್ಟರ್‌ನಿಂದ ಸೋರುವ ಕರೆಂಟ್. ಬ್ಯಾಟರಿಗೂ ಅದಕ್ಕೂ ಸಂಬಂಧವಿಲ್ಲ.

ಎಲೆಕ್ಟ್ರಿಕ್ ಸ್ಕೂಟರ್

ಇದರ ಪ್ಯಾಕ್ ಮನೆಯಲ್ಲಿ ಬಿಚ್ಚುವ ಸಾಮಾನಲ್ಲ. ನೀವು ನೋಡಬಹುದಾದದ್ದು ಎರಡೇ. ಒಂದು, ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಹಚ್ಚಿದಾಗ ಚಾರ್ಜ್ ಹಿಡಿಯದಿದ್ದರೆ ನೆರಳಿನಲ್ಲಿ ಅರ್ಧ ಮುಕ್ಕಾಲು ತಾಸು ಬಿಟ್ಟು ಹಚ್ಚಿ. ಆಗ ಹಿಡಿದರೆ ಮೊದಲು ತಡೆದದ್ದು ಬಿಎಂಎಸ್ (ಪ್ಯಾಕ್ ಒಳಗೆ ಸೆಲ್‌ಗಳನ್ನು ಕಾಯುವ ಬೋರ್ಡ್), ಬಿಸಿ ನೋಡಿ ತಡೆದಿದೆ. ಎರಡು, ಮೈಲೇಜ್ ನಿಧಾನವಾಗಿ ಕಡಿಮೆಯಾಯಿತಾ, ಒಂದೇ ವಾರದಲ್ಲಿ ಕುಸಿಯಿತಾ? ನಿಧಾನಕ್ಕೆ ಅಂದರೆ ವಯಸ್ಸು. ಒಮ್ಮೆಲೇ ಅಂದರೆ ಸಾಲಿನಲ್ಲಿ ಯಾವುದೋ ಒಂದು ಸೆಲ್ ಗುಂಪು ಹಿಂದೆ ಬಿದ್ದಿರಬಹುದು, ಸರ್ವಿಸ್‌ನಲ್ಲಿ ಪ್ರತಿ ಗುಂಪಿನ ವೋಲ್ಟ್ ಓದಿಸಿ. ಮನೆಯಿಂದ ಹೊರಗೆ ಹೋಗುವ ಬಾಗಿಲಿನ ದಾರಿಯಲ್ಲಿ ಮಾತ್ರ ಚಾರ್ಜಿಗೆ ನಿಲ್ಲಿಸಬೇಡಿ. ಹೊಗೆ ಬಂದರೆ ಸಾಧ್ಯವಾದರೆ ಮೇನ್ ಆಫ್ ಮಾಡಿ, ಎಲ್ಲರೂ ಹೊರಗೆ ಬನ್ನಿ, 112ಕ್ಕೆ ಕರೆ ಮಾಡಿ. ಆ ಹೊಗೆ ವಿಷ. ಫೋನಿನಂಥ ಸಣ್ಣದಾದರೆ ಪ್ಲಗ್‌ನ ಕರೆಂಟ್ ತೆಗೆದ ಮೇಲೆ ದೂರದಿಂದ ಧಾರಾಳ ನೀರು ಸುರಿಯಬಹುದು.

ಹೊಸ ಬ್ಯಾಟರಿ ಹಾಕಲೇಬೇಕು ಅಂತ ತೀರ್ಮಾನವಾದರೆ ಅದರ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಮಾನದಂಡದ ಸಂಖ್ಯೆ ಐಎಸ್ 16046 ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರದ್ದು ಅಂತ ಬರುತ್ತದೆ. ಹಳೆಯದರ ಎರಡೂ ತುದಿಗೆ ಟೇಪ್ ಸುತ್ತಿ. ಕಸದ ಗಾಡಿಗೆ ಹಾಕಬೇಡಿ, ಒಳಗೆ ಜಜ್ಜಿದರೆ ಗಾಡಿಯಲ್ಲೇ ಹೊತ್ತಿಕೊಳ್ಳುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಹೊಸದು ಕೊಳ್ಳುವಾಗ ಹಳೆಯದನ್ನು ಅಲ್ಲೇ ತೆಗೆದುಕೊಳ್ಳುತ್ತೀರಾ ಎಂದು ಕೇಳಿ ಕೊಡಿ.